ದೊಡ್ಡಪ್ಪನ ಕಣ್ಣಿಗೆ ಅಪ್ಪನ ಪರೀಕ್ಷೆ

ಆಸ್ಪತ್ರೆಯ ಮೆಟ್ಟಿಲು ಹತ್ತದೆಯೇ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುವ ವಿದ್ಯೆ ಈ ಲೋಕದಲ್ಲಿ ಒಬ್ಬರಿಗೇ ಸಿದ್ಧಿಸಿತ್ತು. ಅವರು ಭದ್ರಾವತಿ ಓಲ್ಡ್ ಟೌನಿನ ನಮ್ಮ ದೊಡ್ಡಪ್ಪ. ವಿದ್ಯೆ ಬಹಳ ಸುಲಭ. ತನ್ನ ಬದಲು ನಮ್ಮ ಅಪ್ಪನನ್ನು ಕಳಿಸಿಬಿಡುವುದು!

ಅವರಿಬ್ಬರೂ ಅವಳಿ. ಚಿಕ್ಕಂದಿನಲ್ಲಿ ನಮ್ಮಜ್ಜಿಯೇ ಗುರುತು ತಪ್ಪಿ ಒಬ್ಬನಿಗೆ ಎರಡು ಸಲ ಉಣ್ಣಿಸಿ ಇನ್ನೊಬ್ಬನನ್ನು ಉಪವಾಸ ಕೆಡವುತ್ತಿದ್ದರಂತೆ. ಎರಡು ಸಲ ಉಂಡವರು ಯಾರೆಂದು ಹೇಳಬೇಕಾಗಿಲ್ಲ. ದರ್ಜಿಗೆ ಅಳತೆ ಕೊಡುವುದು ಅಪ್ಪ, ಅಂಗಿ ಇಬ್ಬರಿಗೂ. ಅದೇನೋ ಸರಿ. ಸಕ್ಕರೆ ಕಾಯಿಲೆಯ ಪರೀಕ್ಷೆಗೂ ಅಪ್ಪನೇ ತೋಳು ಚಾಚಬೇಕೇ? ಅಪ್ಪ ಸೂಜಿ ಚುಚ್ಚಿಸಿಕೊಂಡು ಬಂದರು. ರಿಪೋರ್ಟ್ ಚೆನ್ನಾಗಿದೆಯೆಂದು ದೊಡ್ಡಪ್ಪ ಮೈಸೂರುಪಾಕು ತಿಂದರು!

ಅರವತ್ತು ದಾಟಿದ ಮೇಲೆ ಅವರಿಗೆ ಲೋಕವೆಲ್ಲ ಸೊಟ್ಟಗೆ ಕಾಣತೊಡಗಿತು. ಹೊಸದಾಗಿ ಕೂರಿಸಿದ ಬಾಗಿಲ ಚೌಕಟ್ಟು ಡೊಂಕಾಗಿದೆಯೆಂದು ಬಡಗಿಯ ಜೊತೆ ಜಗಳ. ಪಾಪ, ಆತ ತೂಗುಗುಂಡು ಇಳಿಬಿಟ್ಟು ತೋರಿಸಿದ. "ನಿನ್ನ ದಾರಾನೇ ಡೊಂಕು ಕಣಯ್ಯ," ಎಂದರು. ಆಮೇಲೆ ಸಾಲಿನ ನಡುವಿನ ಅಕ್ಷರಗಳು ಅಳಿಸಿಹೋಗಿರುವ ಪೇಪರನ್ನು ತನಗೇ ಹುಡುಕಿ ಹಾಕುತ್ತಾನೆಂದು ಪೇಪರಿನವನ ಮೇಲೆ ಹರಿಹಾಯ್ದರು.

ಶಿವಮೊಗ್ಗದಲ್ಲಿದ್ದ ನಾನು ಕಣ್ಣಿನ ಡಾಕ್ಟರ ಹತ್ತಿರ ಹೇಳಿಟ್ಟು, ಕೂಡಲೇ ಬನ್ನಿ ಎಂದೆ. ಬಸ್ಸಿನಿಂದ ಇಳಿದವರು ಯಾರು? ನಮ್ಮ ಅಪ್ಪ! ನಾನು ಬೇಡವೆಂದರೂ ಕೇಳದೆ ಪರೀಕ್ಷೆ ಮಾಡಿಸಿಕೊಂಡು, ಕಣ್ಣು ಚೊಕ್ಕಟವಾಗಿದೆ ಎಂದು ಹೇಳಿಸಿಕೊಂಡು ಹೊರಟೂಬಿಟ್ಟರು. ಮೈಯೆಲ್ಲ ಉರಿದುಹೋಯಿತು. ಮುಂದಿನ ಭಾನುವಾರವೇ ಭದ್ರಾವತಿಗೆ ಹೋದೆ. ದೊಡ್ಡಪ್ಪ ಆ ಶುಭವಾರ್ತೆಯ ಸಂತೋಷಕ್ಕೆ ಜಗಲಿಯಲ್ಲಿ ಬೀಡಿ ಹಚ್ಚುತ್ತಿದ್ದರು.

"ಕೆಟ್ಟಿರೋದು ನಿಮ್ಮ ಕಣ್ಣು ದೊಡ್ಡಪ್ಪ, ಅಪ್ಪಂದಲ್ಲ."

"ಇಬ್ರದ್ದೂ ಒಂದೇ ರಕ್ತ ಅಲ್ವೇನೇ? ಅವನಿಗಿಲ್ಲದ ಕಾಯಿಲೆ ನಂಗೆಲ್ಲಿಂದ ಬರುತ್ತೆ ಮಾರಾಯ್ತಿ?"

"ಅಪ್ಪ ಬೀಡಿ ಸೇದಲ್ಲ."

"ಅವನ ಪಾಲಿಂದೂ ನಾನೇ ಸೇದ್ತಿದೀನಲ್ಲ."

ಇಂಥವರಿಗೆ ಏನು ಹೇಳುತ್ತೀರಿ? ಹೋಗಲಿ, ಅವರಿಗೆ ಬುದ್ಧಿಯಿಲ್ಲ, ಕಳಿಸಿದ ಕಡೆಗೆಲ್ಲ ತಲೆಯಾಡಿಸಿಕೊಂಡು ಹೋಗುವ ನಮ್ಮ ಅಪ್ಪನಿಗಾದರೂ ಬೇಡವೇ? ಕೊನೆಗೆ ಅಪ್ಪನಿಗೆ ಮತ್ತೆ ತೋರಿಸಬೇಕಂತೆ, ಜೊತೆಗೆ ಬನ್ನಿ ಎಂದು ಸುಳ್ಳು ಹೇಳಿ ಇಬ್ಬರನ್ನೂ ಶಿವಮೊಗ್ಗಕ್ಕೆ ಎಳೆದುತಂದು ಡಾಕ್ಟರಮ್ಮನ ಮುಂದೆ ಕೂರಿಸಿದೆ.

ಆಕೆ ಬಹಳ ಹೊತ್ತು ದೊಡ್ಡಪ್ಪನ ಕಣ್ಣೊಳಗೆ ನೋಡಿದರು. ಎಡಗಣ್ಣಿನೊಳಗೆ ಚಿತ್ರ ಮೂಡುವ ಪರದೆಯ ನಡುಭಾಗ ಹೋಗೇಬಿಟ್ಟಿದೆ, ಬಲಗಣ್ಣಿನದೂ ಬಹಳಷ್ಟು ಹೋಗಿದೆ, ಇನ್ನು ಉಳಿದಿರುವಷ್ಟನ್ನು ಉಳಿಸಿಕೊಳ್ಳಬೇಕಾದರೆ ಬೀಡಿ ಬಿಡಿ ಎಂದರು.

"ಇವನ ಕಣ್ಣು ಚೆನ್ನಾಗಿದೆಯಲ್ಲ ಡಾಕ್ಟ್ರೇ?" ದೊಡ್ಡಪ್ಪ ಅಪ್ಪನ ಭುಜ ಹಿಡಿದುಕೊಂಡು ಕೇಳಿದರು.

"ಜೀನ್ ಇಬ್ರಿಗೂ ಒಂದೇ ಯಜಮಾನ್ರೆ. ಆದ್ರೆ ಯಾವ ಜೀನ್ ಕೆಲಸ ಮಾಡ್ಬೇಕು, ಯಾವುದು ಸುಮ್ನಿರ್ಬೇಕು ಅಂತ ಅದರ ಮೇಲೆ ಗುರುತುಗಳಿರ್ತವೆ. ವಯಸ್ಸು, ಹೊಗೆ, ಊಟ ಎಲ್ಲ ಸೇರಿ ಆ ಗುರುತು ಬದಲಾಯಿಸ್ತವೆ. ಎಪಿಜೆನೆಟಿಕ್ಸ್ ಅಂತಾರೆ. ಕಣ್ಣಿನ ವಿಷಯದಲ್ಲಿ ಇನ್ನೂ ಸಂಶೋಧನೆ ನಡೀತಿದೆ. ಹುಟ್ಟಿದಾಗ ನೀವಿಬ್ರೂ ಒಂದೇ. ಈಗ ಅಲ್ಲ."

ಕಣ್ಣು ಹೋಯಿತೆಂದಾಗ ಕದಲದಿದ್ದ ಮನುಷ್ಯ ಈ ಮಾತಿಗೆ ಕುಗ್ಗಿಹೋದರು. ನಮ್ಮಿಬ್ಬರನ್ನು ಬೇರೆ ಬೇರೆ ಎನ್ನಲು ಇವಳು ಯಾರೆಂದು ಹೊರಗೆ ಬಂದು ಗೊಣಗಿದರು. ನೋಡಿ, ದುಃಖಪಡುವುದಕ್ಕೂ ಇವರಿಗೆ ಸರಿಯಾದ ಕಾರಣ ಸಿಗಲಿಲ್ಲ!

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಪ್ಪ ಅಣ್ಣನ ಎದುರಿಗೆ ಕೂತು ಸಮಾಧಾನ ಹೇಳುತ್ತಿದ್ದರು. ದೊಡ್ಡಪ್ಪನೋ, ಅಪ್ಪನ ಕಿವಿಯ ಪಕ್ಕದ ಗೋಡೆಯನ್ನೇ ದಿಟ್ಟಿಸುತ್ತಿದ್ದರು. ಅಷ್ಟು ಹೊತ್ತು ತಡೆದುಕೊಂಡಿದ್ದ ನನ್ನ ಸಿಟ್ಟು ನೆತ್ತಿಗೇರಿತು.

"ಇಷ್ಟಾದ್ಮೇಲೂ ಬಿಗುಮಾನಾನಾ ದೊಡ್ಡಪ್ಪ? ಅಪ್ಪ ಮಾತಾಡ್ತಿದಾರೆ, ಮುಖ ನೋಡಿ."

"ಅವನನ್ನೇ ನೋಡ್ತಿದೀನಿ ಕಣೇ," ಎಂದರು ಮೆಲ್ಲಗೆ. "ನೆಟ್ಟಗೆ ನೋಡಿದ್ರೆ ಮುಖಾನೇ ಇರಲ್ಲ. ಗೋಡೆ ನೋಡಿದ್ರೆ ಪಕ್ಕದಲ್ಲಿ ಒಂಚೂರು ಕಾಣ್ತಾನೆ."

ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಹಂಗಾದ್ರೆ ಗೋಡೆನೇ ನೋಡೋ," ಎಂದರು. ಭದ್ರಾವತಿಯ ಬಸ್ಸು ಬಂದು ನಿಂತು ಹೊರಟಿತು. ಅಪ್ಪ ತಲೆ ಅಲ್ಲಾಡಿಸದೆ ಹಾಗೇ ಕೂತಿದ್ದರು.