ಏರುವವರ ಪಟ್ಟಿ

ಬೆಳಗಿನ ಕಾಫಿ ಗಂಟಲಿಳಿಯುವ ಮೊದಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿಯವರ ಮೊಬೈಲಿಗೆ ಚಿಕ್ಕಮಗಳೂರಿನ ಆಫೀಸಿನಿಂದ ಒಂದು ಫಾರಂ ಬಂತು. ಕಾಳುಮೆಣಸು ಕೊಯ್ಲಿನಲ್ಲಿ ‘ಅಸೆಂಡ್’ ಮಾಡುವವರ ಹೆಸರುಗಳನ್ನು ಮಧ್ಯಾಹ್ನದೊಳಗೆ ಕಳಿಸಬೇಕು, ಇಲ್ಲದಿದ್ದರೆ ಕೊಯ್ಲು ಬಂದ್. ಅಸೆಂಡ್ ಎಂದರೇನು? ಮೊಬೈಲನ್ನೇ ಕೇಳಿದರೆ ಅದು ಇಂಗ್ಲಿಷಿನ ಅರ್ಥವನ್ನು ಇಂಗ್ಲಿಷಿನಲ್ಲೇ ಹೇಳಿತು. ಆಫೀಸಿಗೆ ಫೋನ್ ಮಾಡುವಂತಿಲ್ಲ. ಇಂಗ್ಲಿಷ್ ಬಲ್ಲವರೆಂದು ಇಪ್ಪತ್ತೆರಡು ವರ್ಷದಿಂದ ಉಳಿಸಿಕೊಂಡು ಬಂದ ಮರ್ಯಾದೆ ಒಂದೇ ಕರೆಯಲ್ಲಿ ಹೋಗಿಬಿಡುತ್ತದೆ.

“ಏನ್ ರೈಟ್ರೇ ಅದು? ಹೆಸ್ರಿನ ಪಟ್ಟಿನಾ?” ಮೇಸ್ತ್ರಿ ಗುರುವಯ್ಯ ಇಣುಕಿದ.

“ಆಫೀಸ್ ವಿಷ್ಯ ಮಾರಾಯ. ನಿಂಗೆ ಅರ್ಥ ಆಗಲ್ಲ.”

ನೋಯುವ ಮಂಡಿಯನ್ನು ನೀವಿಕೊಂಡು ಬೈಕ್ ಏರಿ, ಗೋಣಿಬೀಡಿನ ಅರುಣಾ ಟೀಚರ್ ಬಳಿ ಹೋದರು.

“ಮೊಮ್ಮಗಳ ಹೋಮ್‌ವರ್ಕ್ ಟೀಚರ್. ಅಸೆಂಡ್ ಅಂದ್ರೆ...”

“ಅವಳಿನ್ನೂ ತೊಟ್ಟಿಲಲ್ಲೇ ಇದಾಳಲ್ಲ ಸಾರ್? ಇರ್ಲಿ. ಅಸೆಂಡ್ ಅಂದ್ರೆ ಏರೋದು. ಬೆಟ್ಟ ಏರೋದು, ಸಿಂಹಾಸನ ಏರೋದು, ಅಂಥದ್ಕೆಲ್ಲ ಹೇಳೋ ದೊಡ್ಡ ಮಾತು. ಮರಕ್ಕಾದ್ರೆ ಕ್ಲೈಂಬ್ ಅಂದ್ರೆ ಸಾಕು.”

ಸಾಕಾಗುವ ಮಾತಿರುವಾಗ ದೊಡ್ಡ ಮಾತೇಕೆ ಎಂದು ಆಫೀಸನ್ನು ಮನಸಾರೆ ಬೈದುಕೊಂಡು ಹಿಂತಿರುಗಿದರು. ಅಷ್ಟರಲ್ಲಿ ತೋಟದ ತುಂಬ ಗುಲ್ಲೆದ್ದಿತ್ತು.

“ಪಟ್ಟಿಲಿರೋರನ್ನೆಲ್ಲ ಮನೆಗೆ ಕಳಿಸ್ತಾರಂತೆ! ನನ್ನೆಸ್ರು ಬರೀಬೇಡಿ ರೈಟ್ರೇ,” ಎಂದಳು ಕಳೆ ಕೀಳುವ ದೇವೀರಮ್ಮ.

“ನೀನೆಲ್ಲಿ ಮರ ಹತ್ತೀಯೆ? ಇದು ಹತ್ತೋರ ಪಟ್ಟಿ.”

“ಮರ ಹತ್ತೋದು ಅಂತ ಬರ್ದಿದ್ರೆ ಬೆಳಿಗ್ಗೆನೇ ಹೇಳ್ತಿರ್ಲಿಲ್ವಾ?” ಎಂದ ಗುರುವಯ್ಯ. ಆಳುಗಳೆಲ್ಲ ತಲೆಯಾಡಿಸಿದರು. ಗಂಟೆ ಹನ್ನೆರಡಾಗಿತ್ತು. ಓಂಕಾರಮೂರ್ತಿಯವರಿಗೆ ಸಾಕುಸಾಕಾಯಿತು.

“ನೋಡ್ರಪ್ಪಾ, ಮೊದ್ಲು ನಂದೇ ಹೆಸ್ರು ಬರ್ದೆ. ಈಗಾದ್ರೂ ನಂಬ್ತೀರಾ?”

ನಂಬಿದರು. ಪಟ್ಟಿ ಹೋಯಿತು. ಓಂಕಾರಮೂರ್ತಿ ಉಂಡು ಅಡ್ಡಾದರು.

ನಾಲ್ಕಕ್ಕೆ ಆಫೀಸಿನ ಜೀಪು ಬಂತು. ಬೆಲ್ಟು, ಹೆಲ್ಮೆಟ್ಟು ಹಿಡಿದು ಇಳಿದ ನಂದನ್ ಎಂಬ ತರಬೇತಿ ಕೊಡುವವನು, “ಪಟ್ಟಿಲಿ ಮೊದ್ಲಿರೋರು ಹತ್ತಿ ತೋರಿಸ್ಬೇಕು. ಓಂಕಾರಮೂರ್ತಿ ಯಾರು?” ಎಂದ.

ಗುರುವಯ್ಯನಿಗೆ ಕನಿಕರ ಬಂತು. “ಅವ್ರಿಗೆ ಮಂಡಿನೋವು ಸಾರ್. ಆ ಇಂಗ್ಲಿಷ್ ಅರ್ಥ ಆಗ್ದೆ ಬರ್ಕೊಂಡಿರ್ಬೇಕು.”

“ಹೌದಾ ಸಾರ್? ಹಾಗಿದ್ರೆ ನಿಮ್ಮ ಹೆಸ್ರು ತೆಗೆದ್ಬಿಡ್ತೀನಿ.”

ಹೌದು ಎಂದರೆ ಮಂಡಿ ಉಳಿಯುತ್ತಿತ್ತು. ಆಳುಗಳೆಲ್ಲ ನೋಡುತ್ತಿದ್ದರು.

“ಅರ್ಥ ಆಗ್ದೆ ಏನು? ಕೊಡಿ ಬೆಲ್ಟು!”

ಬಳ್ಳಿ ಹಬ್ಬಿದ ಮರಕ್ಕೊರಗಿಸಿದ, ಗೆಣ್ಣುಗಳೇ ಮೆಟ್ಟಿಲಾದ ಒಂಟಿ ಬಿದಿರಿನ ಏಣಿಯಲ್ಲಿ ನಾಲ್ಕು ಗೆಣ್ಣು ಏರಿದರು. ಮಂಡಿ ಚೀರುತ್ತಿತ್ತು.

“ವೆರಿ ಗುಡ್! ನೌ ಡಿಸೆಂಡ್ ಸಾರ್!” ಕೆಳಗಿನಿಂದ ನಂದನ್ ಕೂಗಿದ.

ಇಳಿಯುವುದಕ್ಕೂ ಒಂದು ದೊಡ್ಡ ಮಾತಿದೆಯೆಂದು ಟೀಚರ್ ಹೇಳಿರಲಿಲ್ಲ. ಓಂಕಾರಮೂರ್ತಿಯವರು ಕೆಳಗೆ ನೋಡಿದರು. ಯಾರನ್ನು ಕೇಳುವುದು? ಹಲ್ಲು ಕಚ್ಚಿ ಐದನೆಯ ಗೆಣ್ಣಿಗೆ ಕಾಲಿಟ್ಟರು.