ಎಟುಕದ ಬ್ರೇಕು

ಭಾನುವಾರ ಬೆಳಿಗ್ಗೆ ಅಲ್ಪವಿರಾಮ ತನ್ನ ಸೈಕಲ್ಲಿನ ಬ್ರೇಕು ಹಿಡಿದ. ಬ್ರೇಕು ಗಾಳಿಯನ್ನು ಹಿಡಿಯಿತು. ಸೈಕಲ್ಲು ಎದುರು ಮನೆಯ ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ಹಿಡಿಯಿತು. ಅಲ್ಪವಿರಾಮನಿಗೆ ಹಿಡಿಯಲು ಏನೂ ಉಳಿಯದೆ, ಒದ್ದೆ ಬೆಡ್‌ಶೀಟೊಂದನ್ನು ಮೈತುಂಬ ಸುತ್ತಿಕೊಂಡು, ಆಪರೇಷನ್ನಿಗೆ ಹೊರಟ ರೋಗಿಯಂತೆ ನೆಲದ ಮೇಲೆ ಅಂಗಾತ ಮಲಗಿದ.

ಅಲ್ಪವಿರಾಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತೆಳ್ಳನೆಯ ಉದ್ದ ದೇಹ, ಮುಂದಕ್ಕೆ ಬಾಗಿದ ದಪ್ಪ ತಲೆ, ಯಾವ ಮಾತನ್ನೂ ಪೂರ್ತಿ ಮುಗಿಸದ ಅಭ್ಯಾಸ. ಇಷ್ಟೆಲ್ಲ ಕಂಡ ಮೇಲೂ ಬೇರೆ ಹೆಸರು ಇಡುವುದು ಅವನ ಸಹೋದ್ಯೋಗಿಗಳಿಂದ ಆಗದ ಮಾತಾಗಿತ್ತು. ಊರಿನವರೆಲ್ಲರ ತಪ್ಪು ಹುಡುಕಿ ಸಂಬಳ ಪಡೆಯುವ ಈ ಮನುಷ್ಯನಿಗೆ ತನ್ನ ತಪ್ಪು ಕಾಣುವುದು ಮಾತ್ರ ಅದು ಅಚ್ಚಾಗಿ ಮನೆಮನೆ ಸೇರಿದ ಮೇಲೆ.

ಅನಾಹುತಕ್ಕೆ ಮೂಲ, ಹೆಂಡತಿಗೆ ಸಿಕ್ಕ ನೌಕರಿ. ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಸೋಮವಾರದಿಂದ ಮುಂಜಾನೆ ಪಾಳಿ. ಆ ಹೊತ್ತಿಗೆ ಬಸ್ಸು ಹೊರಡುವುದಿರಲಿ, ಬಸ್ಸಿನ ಡ್ರೈವರು ಹಾಸಿಗೆಯಲ್ಲಿ ಮಗ್ಗುಲು ಕೂಡ ಬದಲಿಸಿರುವುದಿಲ್ಲ.

"ನಂಗೊಂದು ಸೈಕಲ್ ಬೇಕು ರೀ," ಎಂದಿದ್ದಳು ಹೆಂಡತಿ.

ಹೊಸ ಸೈಕಲ್ಲು ಎಂದರೆ ಅಲ್ಪವಿರಾಮನಿಗೆ ಕರುಳು ಕಿತ್ತುಬಂದಂತೆ. "ನಂದೇ ಇದೆಯಲ್ಲ. ನೀನು ಮಧ್ಯಾಹ್ನದೊಳಗೆ ಬಂದ್ಬಿಡ್ತೀಯ. ನಾನು ಪ್ರೆಸ್ಸಿಗೆ ಹೋಗೋದು ಮಧ್ಯಾಹ್ನದ ಮೇಲೆ. ಒಂದೇ ಸೈಕಲ್ಲು, ಇಬ್ಬರಿಗೂ..." ಎಂದು ಎಂದಿನಂತೆ ಮಾತನ್ನು ಅರ್ಧಕ್ಕೆ ಬಿಟ್ಟ.

ಅವನು ಬಿಟ್ಟ ಅರ್ಧವನ್ನು ಕಾಂಪೌಂಡಿನ ಆಚೆಯಿಂದ ಎತ್ತಿಕೊಂಡವರು ಎದುರು ಮನೆಯ ಅನುಭವಸ್ಥರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಜೀವಮಾನವಿಡೀ ಅಳೆದೂ ಸುರಿದೂ ನಿವೃತ್ತರಾದವರು. "ನನ್ನ ಅನುಭವದಲ್ಲಿ" ಎಂದು ಶುರುಮಾಡದೆ ಅವರು ಹಾಲಿನವನಿಂದ ಹಾಲನ್ನೂ ತೆಗೆದುಕೊಂಡವರಲ್ಲ.

"ನನ್ನ ಅನುಭವದಲ್ಲಿ ಇದು ಬಹಳ ಸುಲಭ ಕಣಯ್ಯ. ನಿನ್ನ ಸೈಕಲ್ ನಿನ್ನಷ್ಟೇ ಎತ್ತರ, ಆಕೆಗೆ ಕಾಲು ನೆಲಕ್ಕೆ ಎಟಕಲ್ಲ. ದೊಡ್ಡ ಚಕ್ರ ತೆಗಿ, ಚಿಕ್ಕ ಚಕ್ರ ಹಾಕು. ಸೈಕಲ್ ತಾನಾಗೇ ಕುಳ್ಳಾಗುತ್ತೆ!"

ಶನಿವಾರ ಸಂಜೆ ಸೈಕಲ್ ಅಂಗಡಿಯಲ್ಲಿ ಚಿಕ್ಕ ಚಕ್ರಗಳು ಬಂದು ಕೂತವು. ಸೈಕಲ್ಲು ನಿಜವಾಗಿಯೂ ಎರಡು ಬೆರಳು ಕುಳ್ಳಾಯಿತು. ಆದರೆ ಬ್ರೇಕು ಮಾತ್ರ ತನ್ನ ಹಳೆಯ ಜಾಗದಲ್ಲೇ, ವರ್ಗಾವಣೆಯ ಆದೇಶ ತಲುಪದ ಗುಮಾಸ್ತನಂತೆ ಕೂತಿತ್ತು. ಅದರ ಎರಡು ರಬ್ಬರುಗಳು ರಿಮ್ಮನ್ನು ಅಮುಕುವ ಬದಲು ಟೈರಿನ ನೆತ್ತಿಯ ಮೇಲೆ ಒಂದಕ್ಕೊಂದು ಚಪ್ಪಾಳೆ ತಟ್ಟುತ್ತಿದ್ದವು. ಮರುದಿನ ಬೆಳಿಗ್ಗೆ ಅಲ್ಪವಿರಾಮ ಎದುರು ಮನೆಯ ಬೆಡ್‌ಶೀಟು ಉಟ್ಟುಕೊಂಡದ್ದು ಹೀಗೆ.

"ನಮ್ಮನೆಯವಳು ನೋಡೋಕೆ ಮುಂಚೆ ಬಿಚ್ಚಯ್ಯ ಅದನ್ನ!" ಎನ್ನುತ್ತ ಅನುಭವಸ್ಥರು ಓಡಿಬಂದರು. ಬಿದ್ದವನನ್ನು ಬಿಟ್ಟು ಬ್ರೇಕನ್ನು ಕೂಲಂಕಷವಾಗಿ ಪರೀಕ್ಷಿಸಿದರು. "ಬ್ರೇಕಿನ ಕೈ ಗಿಡ್ಡ. ಏನಾದ್ರೂ ತಗಡು ಜೋಡಿಸಿ ಉದ್ದ ಮಾಡಿದ್ರೆ ಆಯ್ತು. ಮನೇಲಿ ಗಟ್ಟಿ ಸೌಟು ಇದೆಯಾ?"

ಇತ್ತು. ಅರ್ಧ ಗಂಟೆಯ ನಂತರ ಇರಲಿಲ್ಲ. ಸೌಟಿನ ಹಿಡಿಯನ್ನು ಗರಗಸದಲ್ಲಿ ಕೊಯ್ದು, ತೂತು ಕೊರೆದು, ಬ್ರೇಕಿನ ಕೈಗೆ ಬೋಲ್ಟು ಹಾಕಿ ಬಿಗಿದದ್ದಾಯಿತು. ರಬ್ಬರು ರಿಮ್ಮಿನ ಎದುರಿಗೆ ಸರಿಯಾಗಿ ಬಂದು ನಿಂತಿತು.

"ಈಗ ಹತ್ತಯ್ಯ. ಜೋರಾಗಿ ಹೋಗಿ ಜೋರಾಗಿ ಹಿಡಿ."

ಅಲ್ಪವಿರಾಮ ಜೋರಾಗಿ ಹೋದ, ಜೋರಾಗಿ ಹಿಡಿದ. ಸಾರು ಕಲಕುವುದಕ್ಕೆ ಹುಟ್ಟಿದ ಸೌಟು ಈ ಹೊಸ ಜವಾಬ್ದಾರಿಗೆ ಬೆದರಿ ಬಾಗಿತು. ರಬ್ಬರು ಕಡ್ಡಿಗಳ ನಡುವೆ ನುಗ್ಗಿತು. ಮುಂದಿನ ಚಕ್ರ ಗಕ್ಕನೆ ನಿಂತಿತು. ಸೈಕಲ್ಲೂ ನಿಂತಿತು. ಅಲ್ಪವಿರಾಮ ಒಬ್ಬ ಮಾತ್ರ ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿಂದ ಹಾರಿ ಮೂಲೆಮನೆಯ ಹೂಕುಂಡಗಳ ಸಾಲಿನಲ್ಲಿ ಹೊಸ ಗಿಡವಾಗಿ ನೆಟ್ಟುಕೊಂಡ.

"ನಿಂತಿತಲ್ಲ!" ಎಂದರು ಅನುಭವಸ್ಥರು ಹೆಮ್ಮೆಯಿಂದ.

ಮೊಣಕೈಗೆ ಔಷಧಿ ಹಚ್ಚಿಸಿಕೊಂಡು ಅಲ್ಪವಿರಾಮ ಸೈಕಲ್ಲು ತಳ್ಳುತ್ತ ಅದೇ ಸೈಕಲ್ ಅಂಗಡಿಗೆ ನಡೆದ. ಬೇಡವೆಂದರೂ ಅನುಭವಸ್ಥರು ಜೊತೆಗೆ ಬಂದರು. ಅಂಗಡಿಯವನು ಮುರಿದ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಅಲ್ಲಪ್ಪ, ಚಕ್ರ ಹಾಕುವಾಗ ಬ್ರೇಕ್ ಎಟಕಲ್ಲ ಅಂತ ನಿಂಗೆ ಗೊತ್ತಾಗ್ಲಿಲ್ವಾ?" ಎಂದು ಅನುಭವಸ್ಥರು ರೇಗಿದರು.

"ಗೊತ್ತಾಯ್ತು ಸಾರ್."

"ಮತ್ತೆ ಹೇಳ್ಬಾರ್ದಾ?"

"ನೀವು ಓಡೋ ಹಾಗೆ ಮಾಡು ಅಂದ್ರಿ, ಮಾಡ್ದೆ. ನಿಲ್ಲಬೇಕು ಅಂತ ಎಲ್ಲಿ ಹೇಳಿದ್ರಿ?"

"ಹಳೇ ಚಕ್ರಾನೇ ಹಾಕ್ಬಿಡು ಹಾಗಾದ್ರೆ."

"ಅದನ್ನ ಇವತ್ತು ಬೆಳಿಗ್ಗೆ ಒಬ್ಬರು ತಳ್ಳೋ ಗಾಡಿಗೆ ಬೇಕು ಅಂತ ತಗೊಂಡು ಹೋದ್ರಲ್ಲ. ನೀವೇ ಇಟ್ಕೋ ಅಂದಿದ್ರಿ."

"ಉದ್ದ ಕೈ ಇರೋ ಬ್ರೇಕಾದ್ರೂ ಕೊಡು."

ಅಂಗಡಿಯವನು ಒಂದು ಡಬ್ಬ ಬ್ರೇಕುಗಳನ್ನು ನೆಲಕ್ಕೆ ಸುರಿದ. ಒಂದೊಂದನ್ನೇ ಹಿಡಿದು ನೋಡಿದರು. ಒಂದು ಬೆರಳಿನಷ್ಟು ಗಿಡ್ಡ, ಅರ್ಧ ಬೆರಳಿನಷ್ಟು ಗಿಡ್ಡ, ಒಂದು ಕೂದಲಿನಷ್ಟು ಗಿಡ್ಡ. ಆ ಕೂದಲಿನದ್ದನ್ನು ಕಂಡು ಅಲ್ಪವಿರಾಮನ ಕಣ್ಣಲ್ಲಿ ನೀರೇ ಬಂತು.

"ಅಷ್ಟುದ್ದದ ಕೈ ಈಗ ದೊಡ್ಡ ದೊಡ್ಡ ಆಫೀಸಲ್ಲಿ ಕೂತಿರೋರಿಗೆ ಮಾತ್ರ ಸಾರ್ ಇರೋದು," ಎಂದ ಅಂಗಡಿಯವನು. "ಹಳೇ ಕಾಲದ ಸೈಕಲ್ಲಲ್ಲಿ ಬರ್ತಿತ್ತು. ಇಳಿಜಾರಿನ ಕೆಳಗೆ ಗುಜರಿ ಅಂಗಡಿ ಇದೆ, ಕೇಳಿ ನೋಡಿ."

ಇಳಿಜಾರು ಎಂಬ ಮಾತನ್ನು ಅವನು ಮೆಲ್ಲಗೆ ಹೇಳಿದ್ದ. ಕೇಳಿಸಿಕೊಂಡವರು ಅದಕ್ಕಿಂತ ಹಗುರವಾಗಿ ಕೇಳಿಸಿಕೊಂಡರು.

ಅಲ್ಪವಿರಾಮ ಸೈಕಲ್ಲು ತಳ್ಳಿಕೊಂಡೇ ಹೋಗುವವನಿದ್ದ. ಅನುಭವಸ್ಥರಿಗೆ ಮಂಡಿನೋವು. "ಹತ್ತಯ್ಯ, ನಾನು ಹಿಂದೆ ಕೂರ್ತೀನಿ. ಬ್ರೇಕ್ ಇಲ್ದಿದ್ರೆ ಏನಂತೆ, ಚಪ್ಪಲಿ ಇದೆಯಲ್ಲ! ನನ್ನ ಅನುಭವದಲ್ಲಿ ಚಪ್ಪಲಿಗಿಂತ ಒಳ್ಳೆ ಬ್ರೇಕಿಲ್ಲ," ಎಂದು ಕ್ಯಾರಿಯರ್ ಮೇಲೆ ಕೂತೇಬಿಟ್ಟರು. ಇಲಾಖೆಯ ಅಷ್ಟೂ ತೂಕದ ಕಲ್ಲುಗಳನ್ನು ನಿವೃತ್ತಿಯ ದಿನ ಜೊತೆಗೇ ತಂದಿದ್ದರೇನೋ ಎನ್ನುವಂತೆ ಸೈಕಲ್ಲು ನರಳಿತು.

ಮೊದಲ ತಿರುವಿನವರೆಗೆ ಎಲ್ಲ ಸರಿಯಿತ್ತು. ಆಮೇಲೆ ರಸ್ತೆ ಅವರ ಕಾಲಡಿಯಿಂದ ಜಾರತೊಡಗಿತು. ಅಲ್ಪವಿರಾಮ ಬಲಗಾಲಿನ ಚಪ್ಪಲಿಯನ್ನು ಚಕ್ರಕ್ಕೆ ಒತ್ತಿದ. ಸುಟ್ಟ ರಬ್ಬರಿನ ವಾಸನೆ ಬಂತು, ಚಪ್ಪಲಿ ಹೋಯಿತು. ಎಡಗಾಲು ಒತ್ತಿದ. ಅದೂ ಹೋಯಿತು. ಮೂರನೆಯ ಕಾಲು ಇರಲಿಲ್ಲ.

"ಹಿಡಿಯಯ್ಯಾ!" ಎಂದು ಹಿಂದಿನಿಂದ ಕೂಗು.

"ಏನನ್ನ..." ಎಂದ ಅಲ್ಪವಿರಾಮ. ಈ ಸಲ ಮಾತು ಅರ್ಧಕ್ಕೆ ನಿಂತದ್ದು ಅಭ್ಯಾಸಬಲದಿಂದಲ್ಲ.

ತರಕಾರಿ ಗಾಡಿಯೊಂದು ಪಕ್ಕಕ್ಕೆ ಹಾರಿತು. ಆಕಳಿಸುತ್ತ ರಸ್ತೆಯಲ್ಲಿ ಮಲಗಿದ್ದ ನಾಯಿ ಆಕಳಿಕೆ ಮುಗಿಸುವ ಮೊದಲೇ ಚರಂಡಿ ದಾಟಿತು. ಗುಜರಿ ಅಂಗಡಿಯ ಗೇಟು ಪುಣ್ಯಕ್ಕೆ ತೆರೆದಿತ್ತು. ಸೈಕಲ್ಲು ಒಳನುಗ್ಗಿ ಖಾಲಿ ಎಣ್ಣೆ ಡಬ್ಬಗಳ ಗುಡ್ಡಕ್ಕೆ ಗುದ್ದಿತು. ಡಬ್ಬಗಳ ಸದ್ದು ಅಡಗಿದ ಮೇಲೆ, ತಕ್ಕಡಿಯ ಪಕ್ಕ ಕೂತಿದ್ದ ಅಂಗಡಿಯಾಕೆ ಕತ್ತು ಚಾಚಿ, "ಏನು, ಮೂರನ್ನೂ ತೂಕಕ್ಕೇ ಹಾಕ್ತೀರಾ?" ಎಂದು ಕೇಳಿದಳು.

"ಬ್ರೇಕು..." ಎಂದ ಅಲ್ಪವಿರಾಮ ಡಬ್ಬಗಳ ಒಳಗಿನಿಂದ.

"ಅದು ಇಲ್ಲ ಅಂತ ಕಾಣಿಸ್ತು ಬಿಡಿ."

ಅಂಗಡಿಯ ಹಿಂಭಾಗದಲ್ಲಿ, ತುಕ್ಕು ಹಿಡಿದ ಮಂಚಗಳ ಮರೆಯಲ್ಲಿ, ಹಳೆಯ ನೀಲಿ ಸೈಕಲ್ಲೊಂದು ಗೋಡೆಗೆ ಒರಗಿತ್ತು. ಅಲ್ಪವಿರಾಮ ಅದರ ಮುಂದೆ ಮಂಡಿಯೂರಿದ. ಎಂಥ ಬ್ರೇಕು! ಕೊಕ್ಕರೆಯ ಕಾಲಿನಂಥ ಉದ್ದನೆಯ, ನೀಳ ಕೈಗಳು. ಅನುಭವಸ್ಥರು ಬೆರಳಲ್ಲಿ ಅಳೆದರು, ಗೇಣಲ್ಲಿ ಅಳೆದರು, ಕೊನೆಗೆ ಅಂಗಡಿಯಾಕೆ ಬಿಸಾಡಿದ ಟೇಪಿನಲ್ಲಿ ಅಳೆದು, "ಸರಿಯಾಗಿ ಎಟಕುತ್ತೆ ಕಣಯ್ಯ! ಎಟಕಿದ ಮೇಲೂ ಒಂದು ಕೂದಲು ಮಿಗುತ್ತೆ," ಎಂದು ಘೋಷಿಸಿದರು.

"ಬ್ರೇಕ್ ಮಾತ್ರ..." ಎಂದ ಅಲ್ಪವಿರಾಮ.

"ಹಲ್ಲು ಬೇಕು, ದವಡೆ ಬೇಡ ಅಂದ್ರೆ ಹೇಗೆ ಸ್ವಾಮಿ? ತಗೊಂಡ್ರೆ ಪೂರ್ತಿ ಸೈಕಲ್ ತಗೊಳ್ಳಿ. ಒಳ್ಳೆ ಗಾಡಿ. ಗಾಳಿ ಹೊಡೆದ್ರೆ ಓಡುತ್ತೆ."

"ನಮಗೆ ಓಡೋದು ಬೇಕಿಲ್ಲಮ್ಮ, ಓಡೋದು ಮನೇಲೇ ಇದೆ. ನಿಲ್ಲಿಸೋದು ಬೇಕು," ಎಂದರು ಅನುಭವಸ್ಥರು.

ಆಕೆ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಬರಿಗಾಲು, ತರಚಿದ ಮೊಣಕೈ, ಅನುಭವಸ್ಥರ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತಿದ್ದ ಡಬ್ಬದ ಮುಚ್ಚಳ. ಇಂಥವರಿಗೆ ಬುದ್ಧಿ ಹೇಳುವುದು ತನ್ನ ವ್ಯಾಪಾರಕ್ಕೆ ನಷ್ಟ ಎಂದುಕೊಂಡು ಸುಮ್ಮನಾದಳು. ಹೊಸ ಸೈಕಲ್ಲು ಕೊಳ್ಳಲು ಕರುಳು ಕಿತ್ತುಬಂದಿದ್ದ ಮನುಷ್ಯ ಗುಜರಿ ಸೈಕಲ್ಲಿಗೆ ಚೌಕಾಶಿ ಕೂಡ ಮಾಡದೆ ದುಡ್ಡು ಕೊಟ್ಟ.

ಏರು ಹತ್ತಿ ಇಬ್ಬರೂ ಒಂದೊಂದು ಸೈಕಲ್ಲು ತಳ್ಳಿಕೊಂಡು ಬಂದರು. ಅಂಗಡಿಯವನು ನೀಲಿ ಸೈಕಲ್ಲಿನ ಬ್ರೇಕು ಬಿಚ್ಚಿ ಅಲ್ಪವಿರಾಮನ ಸೈಕಲ್ಲಿಗೆ ಕೂರಿಸಿದ. ಕೂರಿಸಿ, ಹಿಡಿದು ನೋಡಿ, ಮೊದಲ ಬಾರಿಗೆ ಗೌರವದಿಂದ, "ಎಟಕ್ತು ಸಾರ್," ಎಂದ. ಮನೆಯವರೆಗೆ ತಳ್ಳುವುದಕ್ಕೆ ಸುಲಭವಾಗಲೆಂದು ಬ್ರೇಕಿಲ್ಲದ ನೀಲಿ ಸೈಕಲ್ಲಿಗೂ ಗಾಳಿ ಹೊಡೆದುಕೊಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯೆಲ್ಲ ಜಮಾಯಿಸಿತ್ತು. ಹೂಕುಂಡದ ಮನೆಯವರು ಕುಂಡಗಳನ್ನು ಮೊದಲೇ ಒಳಗಿಟ್ಟು ಬಂದಿದ್ದರು. ಎದುರು ಮನೆಯಾಕೆ ತಂತಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು, ಕಂಕುಳಲ್ಲಿ ಭದ್ರವಾಗಿ ಹಿಡಿದು ನಿಂತಿದ್ದಳು. ಅಲ್ಪವಿರಾಮ ಬೀದಿಯ ಆ ತುದಿಯಿಂದ ಗಾಳಿಯಂತೆ ಬಂದ. ತನ್ನ ಗೇಟಿನ ಮುಂದೆ ಬ್ರೇಕು ಹಿಡಿದ. ಸೈಕಲ್ಲು, ಬರೆದ ಗೆರೆಯ ಮೇಲೆ ನಿಂತಂತೆ, ನಿಂತಿತು.

ಚಪ್ಪಾಳೆ ಬಿತ್ತು. ಅನುಭವಸ್ಥರು ತಲೆಬಾಗಿ ಅದನ್ನು ಸ್ವೀಕರಿಸಿದರು.

"ಬಾರೇ, ನಿನ್ನ ಸೈಕಲ್ಲು ತಯಾರು!" ಎಂದು ಅಲ್ಪವಿರಾಮ ಕೂಗಿದ. ಬದುಕಿನಲ್ಲಿ ಅವನು ಪೂರ್ತಿ ಮಾಡಿದ ಬೆರಳೆಣಿಕೆಯ ವಾಕ್ಯಗಳಲ್ಲಿ ಅದೂ ಒಂದು.

ಹೆಂಡತಿ ಹೊರಗೆ ಬಂದಳು. ನಾಳೆಗೆ ಸರಿಯಾಗುತ್ತದೋ ಎಂದು ಆಸ್ಪತ್ರೆಯ ಯೂನಿಫಾರ್ಮು ಹಾಕಿ ನೋಡುತ್ತಿದ್ದವಳು ಹಾಗೇ ಬಂದಿದ್ದಳು. ಬಿಳಿ ಅಂಗಿ, ಮೊಣಕಾಲಿನ ಕೆಳಗೆ ಬರುವ ಬಿಗಿಯಾದ ಬಿಳಿ ಲಂಗ. ಗಂಡನ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಹ್ಯಾಂಡಲ್ ಹಿಡಿದಳು. ಕಾಲೆತ್ತಲು ನೋಡಿದಳು. ಸೀಟಿನಿಂದ ಹ್ಯಾಂಡಲ್ಲಿನವರೆಗೆ ಗಂಡಸರ ಸೈಕಲ್ಲಿಗೆ ಇರುವಂತೆ ದಪ್ಪನೆಯ ಅಡ್ಡ ಕಂಬಿ ಅವಳ ಸೊಂಟಕ್ಕೆ ಅಡ್ಡ ನಿಂತಿತ್ತು.

"ರೀ," ಎಂದಳು ಮೆತ್ತಗೆ, "ಈ ಲಂಗ ಹಾಕ್ಕೊಂಡು ನಾನು ಈ ಕಂಬಿ ದಾಟೋದು ಹೇಗೆ?"

ಅಲ್ಪವಿರಾಮ ಕಂಬಿಯನ್ನು ನೋಡಿದ. ವರ್ಷಗಟ್ಟಲೆ ತುಳಿದ ಸೈಕಲ್ಲಿನಲ್ಲಿ ಅಂಥದ್ದೊಂದು ಇದೆಯೆಂದು ಅವನಿಗೆ ಇವತ್ತೇ ತಿಳಿದಂತಿತ್ತು. ಸಹಾಯಕ್ಕಾಗಿ ಅನುಭವಸ್ಥರ ಕಡೆ ತಿರುಗಿದ. ಅವರು ಆಕಾಶದಲ್ಲಿ ಯಾವುದೋ ಹಕ್ಕಿಯನ್ನು ಅಳೆಯುತ್ತಿದ್ದರು.

"ಚಕ್ರ ಚಿಕ್ಕದು ಮಾಡೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಾ..." ಎನ್ನುತ್ತಿದ್ದ ಹೆಂಡತಿಯ ಕಣ್ಣು ಗೇಟಿಗೆ ಒರಗಿಸಿದ್ದ ನೀಲಿ ಸೈಕಲ್ಲಿನ ಮೇಲೆ ಬಿತ್ತು. ಅದರ ಕಂಬಿ ಹಂಸದ ಕತ್ತಿನಂತೆ ಬಳುಕಿ ಕೆಳಗಿಳಿದು ಪೆಡಲ್ಲಿನ ಹತ್ತಿರಕ್ಕೆ ಹೋಗಿತ್ತು. "ಅಯ್ಯೋ, ಇದನ್ನ ಮೊದಲೇ ತೋರಿಸೋದಲ್ವಾ! ಲೇಡೀಸ್ ಸೈಕಲ್ಲು!"

ಯಾರೂ ಏನೂ ಹೇಳುವ ಮೊದಲೇ ಅವಳು ಹತ್ತಿ ಕೂತಿದ್ದಳು. ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಿದವು. ಬೀದಿಯಲ್ಲಿ ಒಂದು ಸುತ್ತು ಹೊಡೆದು, ಕಾಲೂರಿ ನಿಂತು, ನಕ್ಕಳು. ಮದುವೆಯಾದ ಮೇಲೆ ಗಂಡ ತಂದ ಯಾವ ವಸ್ತುವಿಗೂ ಅವಳು ಹಾಗೆ ನಕ್ಕಿರಲಿಲ್ಲ.

"ಎಷ್ಟು ಯೋಚನೆ ಮಾಡಿ ತಂದಿದ್ದೀರಿ! ಬೆಳಗ್ಗಿಂದ ಇದಕ್ಕೇನಾ ಅಲೆದಾಡಿದ್ದು? ಸೌಟು ಹೋದ್ರೆ ಹೋಗ್ಲಿ ಬಿಡಿ."

ಅಲ್ಪವಿರಾಮ ಬಾಯಿ ತೆರೆದ. ಆ ನಗುವಿಗೆ ತಿದ್ದುಪಡಿ ಹಾಕುವ ಧೈರ್ಯ ಸಾಲದೆ ಮುಚ್ಚಿದ.

"ಆದ್ರೆ ಇದಕ್ಕೆ ಬ್ರೇಕೇ ಇಲ್ಲವಲ್ಲ ರೀ?"

ಅಂಗಡಿಯವನು ಬಾಗಿಲು ಹಾಕುತ್ತಿದ್ದ. ಎರಡೂ ಸೈಕಲ್ಲುಗಳನ್ನು ತಳ್ಳಿಕೊಂಡು ಒಬ್ಬನೇ ಬಂದವನನ್ನು ಕಂಡು ನಿಟ್ಟುಸಿರುಬಿಟ್ಟ.

"ಮತ್ತೆ ಬಂದ್ರಾ? ಬ್ರೇಕ್ ಹಿಡೀತಿಲ್ವಾ?"

"ಹಿಡೀತಿದೆ."

"ಎಟಕ್ತಿಲ್ವಾ?"

"ಎಟಕ್ತಿದೆ. ಅದನ್ನ ಬಿಚ್ಚಿ ಇದಕ್ಕೆ ಹಾಕು."

"ಇದರಿಂದಲೇ ಅಲ್ವಾ ಸಾರ್ ಬಿಚ್ಚಿದ್ದು?"

"ಹೌದು."

ಅಂಗಡಿಯವನು ಎದುರಿನ ಮುಖ ನೋಡಿ ಸ್ಪ್ಯಾನರು ಎತ್ತಿಕೊಂಡ.

ಸ್ವಲ್ಪ ಹೊತ್ತಿಗೆ ಹೆಂಡತಿಯೂ ಅಂಗಡಿಯವರೆಗೆ ಬಂದು, ನೀಲಿ ಸೈಕಲ್ಲು ಹತ್ತಿ ಮುಂದೆ ಹೋದಳು. ಅಲ್ಪವಿರಾಮ ತನ್ನ ಕುಳ್ಳ ಸೈಕಲ್ಲು ತಳ್ಳಿಕೊಂಡು ಹಿಂದೆ ನಡೆದ. ಅದಕ್ಕೀಗ ದೊಡ್ಡ ಚಕ್ರವೂ ಇಲ್ಲ, ಚಿಕ್ಕ ಚಕ್ರಕ್ಕೆ ಎಟುಕುವ ಬ್ರೇಕೂ ಇಲ್ಲ. ಮಧ್ಯಾಹ್ನ ಪ್ರೆಸ್ಸಿಗೆ ಹೋಗಲು ಅವಳದ್ದನ್ನೇ ತುಳಿಯೋಣವೆಂದು ಅಂಗಡಿಯ ಮುಂದೆಯೇ ಕೂತು ನೋಡಿದ್ದ. ಮೊಣಕಾಲು ಗದ್ದಕ್ಕೆ ಬಡಿದಿತ್ತು.

ಬೀದಿಯ ತಿರುವಿನಲ್ಲಿ ಹೆಂಡತಿ ಬ್ರೇಕು ಹಿಡಿದು, ಚೂರೂ ಅಲುಗಾಡದೆ ನಿಂತು, ತಿರುಗಿ ನೋಡಿದಳು.

"ಬೇಗ ಬೇಗ ಕಾಲು ಹಾಕಿ ರೀ. ನಾಳೆಯಿಂದ ಪ್ರೆಸ್ಸಿಗೆ ದಿನಾ ನಡೀಬೇಕಲ್ಲ, ಇವತ್ತಿಂದಲೇ ಅಭ್ಯಾಸ ಆಗ್ಲಿ!"

ಬೇಗ ಕಾಲು ಹಾಕುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ರಸ್ತೆ ತುಸು ಇಳಿಜಾರಾಗಿತ್ತು. ಬರಿಗಾಲಿನ ಅಲ್ಪವಿರಾಮನನ್ನು ಅವನ ಸೈಕಲ್ಲೇ ಹ್ಯಾಂಡಲ್ಲಿನ ಸಮೇತ ದರದರನೆ ಎಳೆದುಕೊಂಡು, ಹೆಂಡತಿಯನ್ನೂ ದಾಟಿ, ಎದುರು ಮನೆಯಾಕೆ ಆಗಷ್ಟೇ ಮತ್ತೆ ಹರವಿ ಮುಗಿಸಿದ್ದ ಬೆಡ್‌ಶೀಟುಗಳ ಕಡೆಗೆ ಓಡಿತು.