ಕುರಿಯ ರೆಪ್ಪೆ, ಕಂಪನಿಯ ಬಡ್ಡಿ

ನಮ್ಮ ಸೋದರಮಾವನಿಗೆ ಈ ದೇಶದ ಹಣಕಾಸು ಮಂತ್ರಿಯಾಗುವ ಎಲ್ಲ ಯೋಗ್ಯತೆಯೂ ಇದೆ. ಅಡ್ಡಿ ಒಂದೇ: ಮೊದಲ ದಿನವೇ ಮಿಕ್ಕ ಮಂತ್ರಿಗಳ ಕಣ್ಣಿನ ರೆಪ್ಪೆ ಎಳೆದು ನೋಡಿಬಿಡುತ್ತಾರೆ!

ಮಾವ ಪಾವಗಡ, ಶಿರಾ ಸಂತೆಗಳಲ್ಲಿ ಕುರಿ ವ್ಯಾಪಾರ ಮಾಡುವವರು. ಕೊಳ್ಳುವಾಗ ಉಣ್ಣೆಗೆ ಮರುಳಾಗುವುದಿಲ್ಲ. ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡುತ್ತಾರೆ. ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಹೊಟ್ಟೆಯ ಹುಳ ರಕ್ತ ಹೀರುತ್ತಿದೆ ಎಂದರ್ಥ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಏಳನೇ ಕ್ಲಾಸು ಓದಿದ ಈ ಮಹಾನುಭಾವರು, ಪೇಪರಿನಲ್ಲಿ ಇರುವೆ ಸಾಲಿನ ಹಾಗೆ ಅಚ್ಚಾಗುವ ಕಂಪನಿಗಳ ಲೆಕ್ಕಕ್ಕೂ ಇದೇ ವಿದ್ಯೆ ಹಚ್ಚಿದರು!

“ಮಾರಾಟ, ಲಾಭ ಎಲ್ಲ ಉಣ್ಣೆ ಕಣ್ಲಾ. ಬಡ್ಡಿ ಖರ್ಚು ಅಂತ ಒಂದು ಸಾಲೈತಲ್ಲ, ಅದೇ ರೆಪ್ಪೆ.”

ಶಿರಾದ ಕ್ಷೌರದಂಗಡಿಯಲ್ಲಿ ಕೂತು, ಅಂಗಡಿಯವನದೇ ಕತ್ತರಿಯಿಂದ ಅವನದೇ ಪೇಪರಿನ ಆ ಲೆಕ್ಕಗಳನ್ನು ಕತ್ತರಿಸಿಕೊಳ್ಳುತ್ತಾರೆ. “ಕ್ಯಾ ಚಾಚಾ, ಹಿಂದ್ಗಡೆ ಕ್ರಿಕೆಟ್ ಇತ್ತು, ಗಿರಾಕಿಗಳು ಬೈತಾರೆ” ಎಂದು ಅವನು ಗೋಳಾಡಿದರೆ, “ಕ್ರಿಕೆಟ್ ಗೆದ್ರೆ ಕುರಿ ರೇಟ್ ಏರ್ತದಾ?” ಎಂದು ಇವರೇ ಗದರುತ್ತಾರೆ.

ಹತ್ತಾರು ಕಂಪನಿಗಳ ಬಡ್ಡಿ ಲಾಭಕ್ಕಿಂತ ಬೇಗ ಬೆಳೆಯಿತೆಂದರೆ ಮಾವ ರೇಟು ಬೀಳುವ ಮೊದಲೇ ಇರುವ ಕುರಿಗಳನ್ನೆಲ್ಲ ಮಾರಿಬಿಡುತ್ತಾರೆ. “ದೇಶಕ್ಕೇ ಹುಳ ಬಿದ್ದೈತೆ. ದುಡಿದದ್ದೆಲ್ಲ ಬಡ್ಡಿಗೋದ್ರೆ ಕೆಲಸದೋರ್ಗೆ ಏನು ಕೊಡ್ತಾರೆ? ಅವರ ಕೈಲಿ ಕಾಸಿಲ್ದಿದ್ರೆ ಬಾಡೂಟ ಯಾರು ಮಾಡ್ತಾರೆ?” ಮಧುಗಿರಿಯ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ನಾನು ಕೇಳಿ ನಗುತ್ತಿದ್ದೆ. ನಗದೆ ಏನು ಮಾಡಲಿ? ನಾನು ಎಂ.ಕಾಂ.!

ಒಮ್ಮೆ ನಮ್ಮ ಪ್ರಿನ್ಸಿಪಾಲರು ಹೊಸ ಕಾರಿನಲ್ಲಿ ಮನೆಗೆ ಬಂದರು. “ಸಾಲದ್ದಾ ಸಾರ್?” ಎಂದ ಮಾವ, ಅವರು ಬಾಯಿ ತೆರೆಯುವಷ್ಟರಲ್ಲಿ ಎದ್ದುಹೋಗಿ ರೆಪ್ಪೆ ಎಳೆದು ನೋಡಿ, “ಪರವಾಗಿಲ್ಲ, ಕಟ್ತೀರ” ಎಂದು ಸರ್ಟಿಫಿಕೇಟು ಕೊಟ್ಟರು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು ನನಗೆ.

ಅದು ನಾಚಿಕೆಯೇ ಅಲ್ಲ ಬಿಡಿ. ನಿಜವಾದದ್ದು ಮುಂದಿದೆ.

ಕೊರಟಗೆರೆ ಕಡೆ ಪೈಪು ಮಾಡುವ ಕಂಪನಿಯೊಂದು ಜನರಿಂದ ಠೇವಣಿ ಕೇಳಿ, ಶಿರಾದ ಹೋಟೆಲೊಂದರಲ್ಲಿ ಸಭೆ ಕರೆದಿತ್ತು. ನಮ್ಮ ಮಗಳ ನರ್ಸಿಂಗ್ ಓದಿಗೆಂದು ನನ್ನ ಹೆಂಡತಿ ತನ್ನ ಸೈಟು ಮಾರಿದ್ದಳು. ಆ ಹಣವನ್ನು ಅಲ್ಲಿಡಲು ಅವಳನ್ನು ಒಪ್ಪಿಸಿದವನು ನಾನೇ. ಟೈ ಕಟ್ಟಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದೆ. ಪರದೆಯ ಮೇಲೆ ಮಾರಾಟ ಏರುತ್ತಿತ್ತು, ಚಪ್ಪಾಳೆ ಬೀಳುತ್ತಿತ್ತು. ಆಗ ಹಿಂದಿನ ಸಾಲಿನಿಂದ ಮಾವ ಎದ್ದರು! ಸಂತೆಯಿಂದ ನೇರ ಬಂದವರು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪೇಪರಿನ ಚೂರು.

“ಸ್ವಾಮಿ, ಮಾರಾಟ ಸರಿ. ಬಡ್ಡಿ ಒಂದೇ ವರ್ಷಕ್ಕೆ ಎರಡರಷ್ಟಾಗೈತಲ್ಲ? ಹಳೇ ಬಡ್ಡಿ ಕಟ್ಟಾಕೆ ನಮ್ ದುಡ್ಡಾ?”

ಸಭೆ ಗೊಳ್ಳೆಂದಿತು. ಮಾವ ನನ್ನತ್ತ ಕೈ ಮಾಡಿ, “ಲೇ, ನೀನಾದ್ರೂ ಹೇಳ್ಲಾ” ಎಂದರು. ಪಕ್ಕದಲ್ಲಿದ್ದ ಕಂಪನಿಯ ಮ್ಯಾನೇಜರು, “ನಿಮ್ಮವರಾ ಸಾರ್?” ಎಂದು ಕೇಳಿದ.

“ಯಾರೋ, ಗೊತ್ತಿಲ್ಲ” ಎಂದೆ, ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ.

ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ ಮಾವನನ್ನು! ಇದನ್ನು ಬರೆಯುವಾಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಮಾವನಿಗೆ ಕೇಳಿಸಿತ್ತು. ಚೂರನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ನಾನು ಚೆಕ್ ಬರೆದೆ.

ವರ್ಷ ತುಂಬುವ ಮೊದಲೇ ಕಂಪನಿಯ ಗೇಟಿಗೆ ಬೀಗ ಬಿತ್ತು. ಹೆಂಡತಿಯ ಸೈಟಿನ ದುಡ್ಡು ಅದರೊಳಗೇ ಉಳಿಯಿತು. ಮಗಳ ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಕ್ಷಮೆಯನ್ನಾದರೂ ಕೇಳಿಬಿಡೋಣವೆಂದು ಪಾವಗಡದ ಸಂತೆಗೆ ಮಾವನನ್ನು ಹುಡುಕಿಕೊಂಡು ಹೋದೆ. ಎದುರು ನಿಂತು, ಕಟ್ಟಿದ್ದ ಟಗರುಗಳನ್ನು ಎಣಿಸತೊಡಗಿದೆ. ಅವರ ಜತೆ ಚೌಕಾಸಿ ಮಾಡುತ್ತಿದ್ದ ಆಂಧ್ರದ ಕಡೆಯ ಗಿರಾಕಿಯೊಬ್ಬ ನನ್ನನ್ನು ತೋರಿಸಿ, “ಎವರಯ್ಯಾ ಈಯನ?” ಎಂದ.

“ನಮ್ಮಕ್ಕನ ಮಗ ಕಣಪ್ಪಾ. ಕಾಲೇಜು ಮೇಷ್ಟ್ರು!” ಎಂದರು ಮಾವ, ಇಡೀ ಸಂತೆಗೆ ಕೇಳುವ ಹಾಗೆ. “ಈ ಎಂಟು ಟಗರು ಇವನ ಮಗಳ ಓದಿಗೆ ಅಂತ ಇಟ್ಕಂಡಿರಾವು. ರೇಟ್ ಸರಿಯಾಗಿ ಹೇಳು.”

ನನಗೆ ಅಳು ತಡೆಯಲಾಗಲಿಲ್ಲ. ಮಾವ ಹತ್ತಿರ ಬಂದು, ಕುರಿ ವಾಸನೆಯ ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆಯನ್ನು ಎಳೆದು ನೋಡಿದರು.

“ಕೆಂಪಗೈತೆ ಬುಡು. ಬದುಕ್ಕಂತೀಯ.”